ಸೆಲ್ಫ್ ಬಿಚ್ಚುವ ಮುನ್ನ ಮೀಟರ್ ಹಿಡಿಯಿರಿ

ಹೋಳಿ ಮುಗಿದು ಅಷ್ಟೂರಿನ ಜಾತ್ರೆಯ ಹೊತ್ತಿಗೆ ಬೀದರ್ ಸೀಮೆಯ ಹೊಲಗಳು ಬರಿದಾಗಿರುತ್ತವೆ. ಕಡಲೆ, ಜೋಳ ಮನೆ ಸೇರಿರುತ್ತವೆ, ಮುಂಗಾರು ಇನ್ನೂ ದೂರವಿರುತ್ತದೆ. ಬದು ಹಾಕಿಸುವುದು, ತಗ್ಗು-ದಿಣ್ಣೆ ಸಮ ಮಾಡಿಸುವುದು, ಕೃಷಿ ಹೊಂಡದ ಮಣ್ಣು ಹರಡಿಸುವುದು, ಕೆರೆಯ ಹೂಳನ್ನು ಹೊಲಕ್ಕೆ ಹಾಸುವುದು ಎಲ್ಲವೂ ಈ ಎರಡು-ಎರಡೂವರೆ ತಿಂಗಳೊಳಗೆ ಮುಗಿಯಬೇಕು. ಬೀದರ್ ಸುತ್ತಮುತ್ತ, ಭಾಲ್ಕಿ, ಔರಾದ್ ಕಡೆಗಳಲ್ಲಿ ಈ ಕೆಲಸಕ್ಕೆ ಬರುವ ಸಣ್ಣ ಡೋಜರ್ ಹೊಸದಾಗಿರುವುದು ಅಪರೂಪ. ಎಲ್ಲೋ ಗಣಿಯಲ್ಲಿ, ಇನ್ನೆಲ್ಲೋ ರಸ್ತೆ ಗುತ್ತಿಗೆಯಲ್ಲಿ ದುಡಿದು, ಎರಡು ಮೂರು ಕೈ ಬದಲಾಗಿ ಬಂದ ಯಂತ್ರವದು. ಇಂಥ ಯಂತ್ರ ಹೊಲದ ನಡುವೆ ನಿಂತು, ಕೀ ತಿರುಗಿಸಿದರೂ ಏಳದಿದ್ದಾಗ ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ಒಂದೇ ಕ್ರಮ. ಮೊದಲು ಬ್ಯಾಟರಿ ಹೋಗಿದೆ ಎಂದು ಹೊಸ ಬ್ಯಾಟರಿ ತರುತ್ತಾರೆ. ಆಮೇಲೆ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಬಿಚ್ಚಿ ಪೇಟೆಗೆ ಒಯ್ಯುತ್ತಾರೆ. ಅದೂ ಆಗದಿದ್ದರೆ ಸೆಲ್ಫಿನ ಟರ್ಮಿನಲ್‌ಗಳ ನಡುವೆ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುತ್ತಾರೆ. ಈ ಕ್ರಮ ತಲೆಕೆಳಗಾಗಿದೆ ಎಂಬುದೇ ಈ ಲೇಖನದ ವಾದ. ಹಳೆಯ ಯಂತ್ರದಲ್ಲಿ ನಾವು ಬದಲಿಸುವ ದುಬಾರಿ ಭಾಗಗಳನ್ನು ಅನುಮಾನಿಸುವ ಮೊದಲು ಅವುಗಳ ನಡುವಿನ ದಾರಿಯನ್ನು ನೋಡಬೇಕು. ಕೇಬಲ್, ಲಗ್, ಬೋಲ್ಟ್, ಸ್ವಿಚ್, ಬಾಡಿ ಅರ್ಥ್ ಸೇರಿ ಆದ ಈ ದಾರಿಯ ದೋಷ ಕಣ್ಣಿಗೆ ಕಾಣುವುದಿಲ್ಲ, ಅಳತೆಗೆ ಮಾತ್ರ ಸಿಗುತ್ತದೆ. ಅಳೆಯುವುದಕ್ಕೆ ಬೇಕಾದ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಲೈಟ್ ಉರಿಯುತ್ತದೆ, ಸೆಲ್ಫ್ ಏಕೆ ತಿರುಗದು?

ಎಲ್ಲರೂ ಕೇಳುವ ಪ್ರಶ್ನೆ ಇದು, ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ಬಿಇಎಂಎಲ್‌ನ ಬಿಡಿ-50ರಂಥ ಗಾತ್ರದ ಡೋಜರ್‌ಗಳಲ್ಲಿ ಸಾಮಾನ್ಯವಾಗಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಹೆಡ್‌ಲೈಟಿನ 70 ವ್ಯಾಟ್ ಬಲ್ಬ್ ಆ ವೋಲ್ಟೇಜಿನಲ್ಲಿ ಎಳೆಯುವುದು ಸುಮಾರು 3 ಆಂಪಿಯರ್. ಅದೇ ಬ್ಯಾಟರಿಯಿಂದ ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್, 400 ಎಂದಿಟ್ಟುಕೊಳ್ಳೋಣ. ಈಗ ಒಂದು ಅರ್ಥ್ ಬೋಲ್ಟಿನ ಕೆಳಗೆ ತುಕ್ಕು ಕಟ್ಟಿ, ಅಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಹುಟ್ಟಿದೆ ಎನ್ನೋಣ. ಬಲ್ಬಿನ 3 ಆಂಪಿಯರ್ ಆ ಜಾಗದಲ್ಲಿ ಕಳೆದುಕೊಳ್ಳುವುದು 0.03 ವೋಲ್ಟ್ ಮಾತ್ರ, ಬೆಳಕಿನಲ್ಲಿ ವ್ಯತ್ಯಾಸವೇ ಕಾಣದು. 400 ಆಂಪಿಯರ್ ಹರಿಯಹೊರಟರೆ ಅದೇ ಜಾಗ ನುಂಗುವುದು 4 ವೋಲ್ಟ್, ಅಂದರೆ ಒಟ್ಟು ವೋಲ್ಟೇಜಿನ ಆರನೇ ಒಂದು ಭಾಗ. ಹಾಗೆ ನುಂಗಿದ್ದು 1600 ವ್ಯಾಟ್ ಶಾಖವಾಗಿ ಆ ಬೋಲ್ಟಿನಲ್ಲೇ ಸುಡುತ್ತದೆ. ಮನೆಯ ಇಸ್ತ್ರಿ ಪೆಟ್ಟಿಗೆ ಸಾಮಾನ್ಯವಾಗಿ 1000 ವ್ಯಾಟಿನದು ಎಂಬುದನ್ನು ನೆನೆದರೆ, ಉಗುರಿನಷ್ಟು ಜಾಗದಲ್ಲಿ ಎಷ್ಟು ಶಕ್ತಿ ಹಾಳಾಗುತ್ತದೆಂಬುದು ತಿಳಿದೀತು. ಆದ್ದರಿಂದ ಲೈಟ್ ಉರಿಯುವುದರಿಂದ ಬ್ಯಾಟರಿ ಪೂರ್ತಿ ಸತ್ತಿಲ್ಲ ಎಂದಷ್ಟೇ ತಿಳಿಯುತ್ತದೆ, ದಾರಿ ಸರಿಯಿದೆ ಎಂದು ತಿಳಿಯುವುದಿಲ್ಲ. ಟೆಸ್ಟ್ ಲ್ಯಾಂಪ್ ಹಿಡಿದು ಕೇಬಲ್ ಚೆನ್ನಾಗಿದೆ ಎನ್ನುವ ತೀರ್ಪಿನ ದೌರ್ಬಲ್ಯವೂ ಇದೇ. ಹತ್ತಾರು ಎಳೆಗಳ ಕೇಬಲ್ಲಿನಲ್ಲಿ ನಾಲ್ಕೇ ಎಳೆ ಉಳಿದಿದ್ದರೂ ದೀಪ ಹೊತ್ತುತ್ತದೆ.

ಈ ಮಾತು ಹಳೆಯ ಡೋಜರಿಗೆ ಇನ್ನೂ ಹೆಚ್ಚು ಅನ್ವಯಿಸಲು ಕಾರಣಗಳಿವೆ. ಚೈನಿನ ಮೇಲೆ ಓಡುವ ಯಂತ್ರಕ್ಕೆ ಟೈರಿನ ಮೆತ್ತನೆ ಇಲ್ಲ, ನೆಲದ ಪೆಟ್ಟೆಲ್ಲ ಚಾಸಿಗೆ ನೇರ ಬರುತ್ತದೆ. ವರ್ಷಗಟ್ಟಲೆ ನಡುಗಿದ ಬೋಲ್ಟು ಸಡಿಲವಾಗುತ್ತದೆ, ಲಗ್ಗಿನ ಬೆಸುಗೆ ಬಿರುಕು ಬಿಡುತ್ತದೆ. ಕೈ ಬದಲಾದಾಗಲೆಲ್ಲ ಯಾರೋ ಒಬ್ಬರು ತುರ್ತಿಗೆ ಒಂದು ವೈರ್ ಸೇರಿಸಿರುತ್ತಾರೆ, ಒಂದು ಸ್ವಿಚ್ ಕಿತ್ತಿರುತ್ತಾರೆ, ಮೂಲ ಕೇಬಲ್ಲಿನ ಬದಲು ಕಡಿಮೆ ದಪ್ಪದ್ದನ್ನು ಹಾಕಿರುತ್ತಾರೆ. ಜೊತೆಗೆ ಈ ನೆಲದ ಗುಣವೂ ಸೇರುತ್ತದೆ. ಬೀದರ್ ಪಟ್ಟಣ ಕುಳಿತಿರುವ ಜಂಬಿಟ್ಟಿಗೆ ಪ್ರಸ್ಥಭೂಮಿಯಲ್ಲಿ ಸಣ್ಣನೆಯ ಕೆಂಪು ಧೂಳು ಎಲ್ಲ ಸಂದಿಗೂ ನುಗ್ಗುತ್ತದೆ. ಅಲ್ಲಿಂದ ಇಳಿದು ಭಾಲ್ಕಿ, ಔರಾದ್ ಕಡೆಯ ಎರೆ ಹೊಲಕ್ಕೆ ಹೋದರೆ ಮಳೆಗಾಲದಲ್ಲಿ ಅಂಟುವ ಕರಿಮಣ್ಣು ಚಾಸಿಯ ಒಳಗೆಲ್ಲ ಮೆತ್ತಿಕೊಂಡು ತಿಂಗಳುಗಟ್ಟಲೆ ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಅರ್ಥ್ ಕೇಬಲ್ ಚಾಸಿಗೆ ಸೇರುವ ಬೋಲ್ಟು ಸಾಮಾನ್ಯವಾಗಿ ಕೆಳಗೆ, ಈ ಮಣ್ಣಿನ ಹಿಂದೆಯೇ ಇರುತ್ತದೆ. ಮೇಲೆ ಎದ್ದು ಕಾಣುವ ಬ್ಯಾಟರಿಯ ಮೇಲೆ ಎಲ್ಲರಿಗೂ ಅನುಮಾನ, ಮಣ್ಣಿನಡಿಯ ಬೋಲ್ಟಿನ ಮೇಲೆ ಯಾರಿಗೂ ಇಲ್ಲ.

ಮೊದಲ ಅಳತೆ ಬ್ಯಾಟರಿಯದು

ದಾರಿಯನ್ನು ಅನುಮಾನಿಸಬೇಕೆಂದ ಮಾತ್ರಕ್ಕೆ ಬ್ಯಾಟರಿಯನ್ನು ಬಿಟ್ಟುಬಿಡುವಂತಿಲ್ಲ. ಮೂಲವೇ ಸೊರಗಿದ್ದರೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ, ಹಾಗಾಗಿ ಶುರು ಅಲ್ಲಿಂದಲೇ. ಮುಟ್ಟುವ ಮುನ್ನ ಬ್ಲೇಡನ್ನು ನೆಲಕ್ಕೆ ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ ಮಾಡಿ, ಸುರಕ್ಷತಾ ಲಿವರ್ ಇದ್ದರೆ ಲಾಕ್ ಮಾಡಿ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲ ಒಂದು ಕಿಡಿಗೆ ಸಿಡಿಯಬಲ್ಲದು, ಆದ್ದರಿಂದ ಬೀಡಿ-ಸಿಗರೇಟು ದೂರವಿರಲಿ. ಕೈಯ ಕಡಗ, ಉಂಗುರ, ಗಡಿಯಾರ ಕಳಚಿಡಿ. ಯಂತ್ರ ಕೆಲವು ಗಂಟೆ ಸುಮ್ಮನಿದ್ದ ಮೇಲೆ ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ ಎರಡೂ ಬ್ಯಾಟರಿಗಳನ್ನು ಬೇರೆಬೇರೆಯಾಗಿ ಅಳೆಯಿರಿ. 12.6 ವೋಲ್ಟ್ ಅಥವಾ ಅದಕ್ಕೂ ಮೇಲಿದ್ದರೆ ಪೂರ್ತಿ ಚಾರ್ಜ್; 12.4ಕ್ಕೆ ಸುಮಾರು ಮುಕ್ಕಾಲು, 12.2ಕ್ಕೆ ಅರ್ಧ, 12ಕ್ಕೆ ಕಾಲು ಭಾಗ ಮಾತ್ರ. ಅರ್ಧಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಮುಂದಿನ ಪರೀಕ್ಷೆ. ಎರಡನ್ನೂ ಒಟ್ಟಿಗೆ ಅಳೆದು 24.4 ಬಂತೆಂದು ಸಮಾಧಾನಪಡಬೇಡಿ. ಒಂದು 12.7, ಇನ್ನೊಂದು 11.7 ಇದ್ದರೂ ಕೂಡಿದರೆ ಅದೇ ಸಂಖ್ಯೆ ಬರುತ್ತದೆ. ಸರಣಿಯಲ್ಲಿರುವ ಜೋಡಿಯಲ್ಲಿ ಸೋತದ್ದು ಒಂದೇ ಆದರೂ ಸೆಲ್ಫಿನ ಕರೆಂಟ್ ಅದರ ಮೂಲಕವೇ ಹಾಯಬೇಕು.

ಈ ಜೋಡಿ ಹೀಗೆ ಎತ್ತು-ಕೋಣದಂತೆ ಆಗುವುದಕ್ಕೆ ನಮ್ಮಲ್ಲಿ ಬೇರೂರಿದ ಒಂದು ಅಭ್ಯಾಸ ಕಾರಣ. 12 ವೋಲ್ಟಿನ ಫ್ಯಾನ್, ಟೇಪ್, ಮೊಬೈಲ್ ಚಾರ್ಜರ್ ಇವಕ್ಕೆ ಎರಡು ಬ್ಯಾಟರಿಗಳ ನಡುವಿನಿಂದ ವೈರ್ ಎಳೆದು ಒಂದೇ ಬ್ಯಾಟರಿಯಿಂದ ಕರೆಂಟ್ ತೆಗೆಯುತ್ತಾರೆ. ಆ ಬ್ಯಾಟರಿ ದಿನವೂ ಸ್ವಲ್ಪ ಹೆಚ್ಚು ಬರಿದಾಗುತ್ತದೆ. ಆಲ್ಟರ್ನೇಟರ್ ಮಾತ್ರ ಎರಡಕ್ಕೂ ಒಂದೇ ಕರೆಂಟ್ ಕೊಡುತ್ತದೆ. ಹಾಗಾಗಿ ಒಂದು ಎಂದೂ ತುಂಬುವುದಿಲ್ಲ, ಇನ್ನೊಂದು ಮಿತಿಮೀರಿ ತುಂಬಿ ಕುದಿಯುತ್ತದೆ. ಒಂದರಲ್ಲಿ ಮಾತ್ರ ಮತ್ತೆ ಮತ್ತೆ ನೀರು ಕಡಿಮೆಯಾಗುತ್ತಿದ್ದರೆ ಈ ನಡುವಿನ ವೈರನ್ನು ಹುಡುಕಿ. 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿದರೆ ತೊಂದರೆ ಮುಗಿಯಿತು. ಬ್ಯಾಟರಿ ಬದಲಿಸಲೇಬೇಕಾದಾಗ ಒಂದೇ ಮಾದರಿಯ, ಒಂದೇ ವಯಸ್ಸಿನ ಎರಡನ್ನೂ ಒಟ್ಟಿಗೆ ಹಾಕಿ. ಹಳೆಯದರ ಜೊತೆ ಕಟ್ಟಿದ ಹೊಸದು ಬೇಗ ಅದರ ದಾರಿಯನ್ನೇ ಹಿಡಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಈ ಭಾಗದ ಬಿಸಿಲು 40 ಡಿಗ್ರಿ ದಾಟಿದಾಗ ಬ್ಯಾಟರಿಯ ನೀರು ಬೇಗ ಆರುತ್ತದೆ, ಒಳಗಿನ ಸವೆತವೂ ವೇಗವಾಗುತ್ತದೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರಿನ ಲವಣ ಪ್ಲೇಟುಗಳನ್ನು ಕೆಡಿಸುತ್ತದೆ. ಬ್ಯಾಟರಿಯ ತಲೆ ಮೇಲೆ ಆಸಿಡ್ ಹಸಿಯೊಂದಿಗೆ ಕೂತ ಧೂಳು ಕೂಡ ಎರಡು ಟರ್ಮಿನಲ್‌ಗಳ ನಡುವೆ ಕರೆಂಟ್ ಸೋರಲು ಸಾಕು. ಅದನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ಒರೆಸಿ, ಆ ನೀರು ಸೆಲ್ಲಿನೊಳಗೆ ಇಳಿಯದಂತೆ ನೋಡಿಕೊಳ್ಳಿ.

ಶಬ್ದ ಹೇಳುವುದೇನು

ಅನುಭವಿ ಆಪರೇಟರ್ ಕಿವಿಯಿಂದಲೇ ರೋಗ ಗುರುತಿಸುತ್ತಾನೆ ಎಂಬ ಮಾತಿದೆ, ಅದರಲ್ಲಿ ಸತ್ಯವಿದೆ. ಕೀ ತಿರುಗಿಸಿದಾಗ ಏನೂ ಸದ್ದಿಲ್ಲ ಎಂದರೆ ಸೆಲ್ಫಿಗೆ ಕರೆಂಟ್ ಜೋಡಿಸುವ ಸೋಲೆನಾಯ್ಡಿಗೆ ಬಹುಶಃ ಆಜ್ಞೆಯೇ ತಲುಪುತ್ತಿಲ್ಲ. ಆಗ ಕೀ ಸ್ವಿಚ್, ಫ್ಯೂಸ್, ನ್ಯೂಟ್ರಲ್ ಸೇಫ್ಟಿ ಸ್ವಿಚ್, ರಿಲೇಗಳ ಸಣ್ಣ ವೈರುಗಳ ಕಡೆ ನೋಡಬೇಕು. ಕಟಕಟ ಎಂದು ಬಿಡದೆ ಬಡಿದರೆ ಸೋಲೆನಾಯ್ಡ್ ಎಳೆದುಕೊಳ್ಳುತ್ತಿದೆ, ಆದರೆ ಸೆಲ್ಫಿಗೆ ಹೊರೆ ಬಿದ್ದೊಡನೆ ವೋಲ್ಟೇಜ್ ಕುಸಿದು ಕೈ ಬಿಡುತ್ತಿದೆ. ಬ್ಯಾಟರಿ ಬರಿದಾಗಿರಬಹುದು, ದಾರಿಯಲ್ಲಿ ದೊಡ್ಡ ತಡೆ ಇರಬಹುದು, ಅಥವಾ ಸೋಲೆನಾಯ್ಡಿನ ಹಿಡಿದಿಡುವ ಕಾಯಿಲ್ ಕಡಿದಿರಬಹುದು. ಒಂದೇ ಸಲ ಟಕ್ ಎಂದು ನಿಂತರೆ ಸೋಲೆನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಸೆಲ್ಫಿನ ಕಾರ್ಬನ್ ಸವೆದಿರಬಹುದು, ದಾರಿಯೂ ಕಟ್ಟಿರಬಹುದು. ನಿಧಾನವಾಗಿ ನರಳುತ್ತ ತಿರುಗಿದರೆ ವೋಲ್ಟೇಜ್ ಕೊರತೆ, ಸೆಲ್ಫಿನ ಬುಷ್ ಸವೆತ, ಇಲ್ಲವೇ ಎಂಜಿನ್ನೇ ಬಿಗಿದಿರುವುದು. ಸೆಲ್ಫ್ ಜೋರಾಗಿ ಗಿರ್ರೆಂದು ಎಂಜಿನ್ ಅಲುಗದಿದ್ದರೆ ಸೆಲ್ಫನ್ನು ಫ್ಲೈವೀಲಿಗೆ ಕೂಡಿಸುವ ಬೆಂಡಿಕ್ಸ್ ಜಾರುತ್ತಿದೆ ಅಥವಾ ಫ್ಲೈವೀಲ್ ರಿಂಗಿನ ಹಲ್ಲು ಹೋಗಿದೆ. ಈ ಪಟ್ಟಿಯನ್ನು ಗಮನಿಸಿ ನೋಡಿ. ಮೊದಲನೆಯದು ಮತ್ತು ಕೊನೆಯದು ಬಿಟ್ಟರೆ ಪ್ರತಿ ಶಬ್ದಕ್ಕೂ ಎರಡು ಮೂರು ಕಾರಣಗಳಿವೆ, ಅವುಗಳಲ್ಲಿ ಒಂದು ಸದಾ ದಾರಿಯೇ. ಕಿವಿ ನಮ್ಮನ್ನು ಸರಿಯಾದ ಓಣಿಗೆ ಕರೆದೊಯ್ಯುತ್ತದೆ, ಮನೆ ಯಾವುದೆಂದು ತೋರಿಸುವುದು ಮೀಟರ್. ಅನುಭವವನ್ನು ಅಳತೆ ಕೀಳಾಗಿಸುವುದಿಲ್ಲ, ಅದರ ಊಹೆಯನ್ನು ಖಚಿತಪಡಿಸುತ್ತದೆ.

ಹೊರೆ ಬಿದ್ದಾಗ ಅಳೆಯಬೇಕು

ಈಗ ಈ ವಿದ್ಯೆಯ ತಿರುಳು. ಸುಮ್ಮನಿರುವ ಕೇಬಲ್ಲಿನ ತಡೆಯನ್ನು ಸಾಮಾನ್ಯ ಮೀಟರಿನ ಓಮ್ ಭಾಗದಿಂದ ಅಳೆದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಹೆಚ್ಚುಕಡಿಮೆ ಸೊನ್ನೆಯೇ ತೋರಿಸುತ್ತದೆ. ನೂರನೇ ಒಂದು ಓಮನ್ನು ಹಿಡಿಯುವ ಸೂಕ್ಷ್ಮತೆ ಅದಕ್ಕಿಲ್ಲ. ಆದರೆ ಸೆಲ್ಫ್ ಎಳೆಯುತ್ತಿರುವಾಗ ಅದೇ ಕೇಬಲ್ಲಿನ ಎರಡು ತುದಿಗಳ ನಡುವಿನ ವೋಲ್ಟನ್ನು ಅಳೆದರೆ ಕಳ್ಳ ತಾನೇ ಹೊರಬರುತ್ತಾನೆ. ಮೊದಲು ಸ್ಟಾಪ್ ಕೇಬಲ್ ಎಳೆದು ಅಥವಾ ಇಂಧನ ಸೋಲೆನಾಯ್ಡಿನ ವೈರ್ ಕಳಚಿ ಎಂಜಿನ್ ಚಾಲೂ ಆಗದಂತೆ ಮಾಡಿ. ಒಬ್ಬರು ಸೀಟಿನಲ್ಲಿ ಕುಳಿತು ಕೀ ತಿರುಗಿಸಲಿ, ಇನ್ನೊಬ್ಬರು ಚೈನಿನ ದಾರಿಯಿಂದ ಹೊರಗೆ ನಿಂತು ಮೀಟರ್ ನೋಡಲಿ. ಮೀಟರಿನ ಕಡ್ಡಿಗಳನ್ನು ಕ್ಲಿಪ್ ಹಾಕಿ ಮೊದಲೇ ಸಿಕ್ಕಿಸಿಟ್ಟರೆ ಕೈ ಒಳಗೆ ಇಡುವ ಅಗತ್ಯವಿಲ್ಲ. ಹೊರೆಯಲ್ಲಿ ಮೊದಲ ಅಳತೆ ಒಂದೊಂದೇ ಬ್ಯಾಟರಿಯದು. ಸೆಲ್ಫ್ ಎಳೆಯುವಾಗ ಪ್ರತಿಯೊಂದೂ ಸುಮಾರು 9.6 ವೋಲ್ಟಿಗಿಂತ ಮೇಲೆ ನಿಲ್ಲಬೇಕು, ಜೋಡಿ ಸುಮಾರು 19ರ ಮೇಲಿರಬೇಕು. ಒಂದು 11ರಲ್ಲಿ ನಿಂತು ಇನ್ನೊಂದು 7ಕ್ಕೆ ಕುಸಿದರೆ ಅಪರಾಧಿ ಸಿಕ್ಕಂತೆಯೇ. ಎರಡೂ 11.5ರ ಮೇಲೇ ಇದ್ದು ಸೆಲ್ಫ್ ಮಾತ್ರ ನರಳುತ್ತಿದ್ದರೆ ಅದರ ಅರ್ಥ ಬೇರೆ. ಬ್ಯಾಟರಿಯಿಂದ ಹೆಚ್ಚು ಕರೆಂಟ್ ಹೊರಡುತ್ತಲೇ ಇಲ್ಲ, ದಾರಿಯಲ್ಲೋ ಸೆಲ್ಫಿನ ಒಳಗೋ ಎಲ್ಲೋ ತಡೆಯಿದೆ.

ಎರಡನೆಯ ಅಳತೆ ಪಾಸಿಟಿವ್ ದಾರಿಯದು. ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್ ಸೀಸದ ಕಂಬದ ಮೇಲೇ ಇರಲಿ, ಕ್ಲಾಂಪಿನ ಮೇಲೆ ಬೇಡ. ಕಂಬಕ್ಕೂ ಕ್ಲಾಂಪಿಗೂ ನಡುವಿನ ಬಿಳಿ ಪುಡಿಯೇ ಎಷ್ಟೋ ಸಲ ಕಳ್ಳ. ಕಪ್ಪು ಕಡ್ಡಿ ಸೋಲೆನಾಯ್ಡಿನ ದಪ್ಪ ಕೇಬಲ್ ಬರುವ ಬೋಲ್ಟಿನ ಮೇಲಿರಲಿ. ಸೆಲ್ಫ್ ಹೊಡೆದಾಗ ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟ್. 12 ವೋಲ್ಟ್ ಯಂತ್ರದಲ್ಲಿ ಅದು 0.5ರೊಳಗಿರಬೇಕು, 24 ವೋಲ್ಟಿನದರಲ್ಲಿ 1ರೊಳಗೆ. ಮೂರನೆಯದು ಎಲ್ಲರೂ ಮರೆಯುವ ಅರ್ಥ್ ದಾರಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಸೆಲ್ಫಿನ ಬರಿ ಲೋಹದ ಮೈಗೆ. ಇಲ್ಲಿ 0.5 ದಾಟಿದರೆ ಚಾಸಿಗೆ ಸೇರುವ ಬೋಲ್ಟು, ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿ, ನೆಗೆಟಿವ್ ದಾರಿಯಲ್ಲಿ ಕಟ್ ಆಫ್ ಸ್ವಿಚ್ ಇದ್ದರೆ ಅದು, ಇವನ್ನು ಒಂದೊಂದಾಗಿ ಅಳೆಯಿರಿ. ಒಂದು ಕೂಡಿನಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಳೆಯುತ್ತಿದ್ದರೆ ಅದನ್ನು ಬಿಚ್ಚಬೇಕು. ನಾಲ್ಕನೆಯದು ಸೋಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ. ಕೀ ತಿರುಗಿಸುವ ಮುನ್ನ ಇಲ್ಲಿ ಪೂರ್ತಿ ಬ್ಯಾಟರಿ ವೋಲ್ಟ್ ಕಾಣುತ್ತದೆ, ಅದು ಸಹಜ. ಟಕ್ ಎಂದೊಡನೆ ಅದು 0.3ರ ಆಸುಪಾಸಿಗೆ ಇಳಿಯಬೇಕು. ಟಕ್ ಎಂದ ಮೇಲೂ ಹಲವು ವೋಲ್ಟ್ ಉಳಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಈ ನಾಲ್ಕೂ ಸರಿಯಿದ್ದು ಸೆಲ್ಫಿನ ತಲೆಗೆ ಪೂರ್ತಿ ವೋಲ್ಟ್ ಬರುತ್ತಿದ್ದರೂ ಅದು ತಿರುಗದಿದ್ದರೆ, ಆಗ ಮಾತ್ರ ಸೆಲ್ಫ್ ಬಿಚ್ಚಲು ಕಾರಣ ಸಿಕ್ಕಿತು. ಪ್ರತಿ ಸಲ ನಾಲ್ಕೈದು ಸೆಕೆಂಡು ಹೊಡೆದರೆ ಅಳತೆಗೆ ಸಾಕು. ಚಾಲೂ ಮಾಡಲು ಹೋದಾಗಲೂ 10-15 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ನಡುವೆ ಎರಡು ನಿಮಿಷ ತಣಿಯಲು ಬಿಡಿ.

ಕೆಟ್ಟ ಕೂಡು ಸಿಕ್ಕ ಮೇಲೆ ಮಾಡಬೇಕಾದದ್ದು ಸರಳ, ಆದರೆ ಅದನ್ನು ಪೂರ್ತಿಯಾಗಿ ಮಾಡಬೇಕು. ಮೊದಲು ನೆಗೆಟಿವ್ ಕಳಚಿ, ಕೊನೆಗೆ ನೆಗೆಟಿವನ್ನೇ ಹಾಕಿ. ಹಾಗೆ ಮಾಡಿದರೆ ಪಾನಾ ಚಾಸಿಗೆ ತಗುಲಿದರೂ ಕಿಡಿ ಹಾರದು. ಬೋಲ್ಟನ್ನು ಮೇಲಿಂದ ಬಿಗಿಮಾಡುವುದು ಸಾಲದು. ಬಿಚ್ಚಿ, ಲಗ್ಗಿನ ಎರಡೂ ಮುಖ ಮತ್ತು ಚಾಸಿಯ ಮುಖವನ್ನು ಪಾಲಿಷ್ ಪೇಪರಿನಿಂದ ಬಣ್ಣ-ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಉಜ್ಜಬೇಕು. ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಅಥವಾ ಗ್ರೀಸ್ ಹಚ್ಚಿದರೆ ಮುಂದಿನ ಮಳೆಗಾಲಕ್ಕೆ ಕಾವಲು. ರಬ್ಬರಿನ ಕೆಳಗೆ ಹಸಿರು ಪುಡಿ ಕಂಡ ಕೇಬಲ್ಲಿಗೆ ತೇಪೆ ಹಾಕಬೇಡಿ, ಮೂಲ ದಪ್ಪದ್ದೇ ಹೊಸದು ಹಾಕಿ. ಆಮೇಲೆ ಅದೇ ಅಳತೆಯನ್ನು ಮತ್ತೊಮ್ಮೆ ಮಾಡಿ. ಸಂಖ್ಯೆ ಇಳಿದಿದ್ದರೆ ಮಾತ್ರ ದುರಸ್ತಿ ಆಗಿದೆ ಎಂದು ಅರ್ಥ.

ಸ್ಕ್ರೂಡ್ರೈವರ್ ಬೇಡ ಎನ್ನುವುದೇಕೆ

ಕೀ ತಿರುಗಿಸಿದಾಗ ಸದ್ದೇ ಬರದಿದ್ದರೆ ಸಣ್ಣ ವೈರಿನ ದಾರಿಯನ್ನು ಸೋಲೆನಾಯ್ಡಿನ ತುದಿಯಿಂದ ಹಿಂದಕ್ಕೆ ಹುಡುಕಬೇಕು. ಸೋಲೆನಾಯ್ಡಿನ ಸಣ್ಣ ಟರ್ಮಿನಲ್ಲಿನ ಮೇಲೆ ಕೆಲವು ಸೆಲ್ಫ್‌ಗಳಲ್ಲಿ 50 ಎಂಬ ಗುರುತಿರುತ್ತದೆ, ಕೆಲವುಗಳಲ್ಲಿ ಎಸ್ ಎಂದಿರುತ್ತದೆ. ಕೀ ತಿರುಗಿಸಿ ಹಿಡಿದಾಗ ಅಲ್ಲಿ ಬ್ಯಾಟರಿಯ ಹತ್ತಿರ ಹತ್ತಿರ ವೋಲ್ಟ್ ಬರಬೇಕು. ಬಂದೂ ಸೋಲೆನಾಯ್ಡ್ ಎಳೆಯದಿದ್ದರೆ ದೋಷ ಸೋಲೆನಾಯ್ಡಿನಲ್ಲೋ ಅದರ ಅರ್ಥಿನಲ್ಲೋ ಇದೆ. ಬರದಿದ್ದರೆ ಒಂದೊಂದೇ ಹೆಜ್ಜೆ ಹಿಂದೆ ಹೋಗಿ ರಿಲೇಯ ಎರಡು ಬದಿ, ಸೇಫ್ಟಿ ಸ್ವಿಚ್ಚಿನ ಎರಡು ಬದಿ, ಕೀ ಸ್ವಿಚ್ಚಿನ ಹೊರದಾರಿ, ಫ್ಯೂಸ್ ಇವನ್ನು ಅಳೆಯಿರಿ. ವೋಲ್ಟ್ ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ನಡುವೆಯೇ ದೋಷ. ಕೋಮಟ್ಸು ಮಾದರಿಯ ಯಂತ್ರಗಳಲ್ಲಿ ಕೀ ಹಾಕಿದೊಡನೆ ಬ್ಯಾಟರಿಯನ್ನು ಜೋಡಿಸುವ ಒಂದು ಬ್ಯಾಟರಿ ರಿಲೇಯೂ ಇರುತ್ತದೆ. ಅದು ಎಳೆಯದಿದ್ದರೆ ಇಡೀ ಯಂತ್ರವೇ ಸತ್ತಂತೆ ಕಾಣುತ್ತದೆ, ಬ್ಯಾಟರಿ ಮಾತ್ರ ತುಂಬಿರುತ್ತದೆ.

ಇಷ್ಟೆಲ್ಲ ಏಕೆ, ಸ್ಕ್ರೂಡ್ರೈವರ್ ಇಟ್ಟರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದಲ್ಲ ಎಂದು ಹಲವರು ಕೇಳುತ್ತಾರೆ. ನಿಜ, ಸೆಲ್ಫ್ ತಿರುಗುತ್ತದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಆದರೆ ಆ ಕಬ್ಬಿಣ ನ್ಯೂಟ್ರಲ್ ಸೇಫ್ಟಿ ಸ್ವಿಚ್ಚನ್ನು ದಾಟಿ ಹೋಗುತ್ತದೆ. ಗೇರಿನಲ್ಲಿದ್ದ ಯಂತ್ರ ಹಾಗೆ ಎದ್ದರೆ ನೇರ ಮುಂದೆ ನಡೆಯುತ್ತದೆ, ಸೀಟಿನಲ್ಲಿ ಯಾರೂ ಇರುವುದಿಲ್ಲ, ಸೆಲ್ಫಿನ ಪಕ್ಕದಲ್ಲಿ ಬಗ್ಗಿ ನಿಂತವರು ಇರುವುದು ಚೈನಿನ ಮುಂದೆಯೇ. ಟ್ರ್ಯಾಕ್ಟರುಗಳಲ್ಲಿ ಹೀಗೆ ಚಾಲೂ ಮಾಡಲು ಹೋಗಿ ಜನ ಸತ್ತದ್ದರಿಂದಲೇ ಎಷ್ಟೋ ತಯಾರಕರು ಸೆಲ್ಫಿನ ಟರ್ಮಿನಲ್ಲಿಗೆ ಮುಚ್ಚಳ ಹಾಕಿ ಎಚ್ಚರಿಕೆಯ ಚೀಟಿ ಅಂಟಿಸುತ್ತಾರೆ. ಡೋಜರ್ ಟನ್‌ಗಟ್ಟಲೆ ತೂಕದ್ದು, ಅದರಡಿ ಸಿಕ್ಕವರಿಗೆ ಎರಡನೆಯ ಅವಕಾಶವಿಲ್ಲ. ಸ್ಕ್ರೂಡ್ರೈವರ್ ಕೊಡುವ ಮಾಹಿತಿಯನ್ನು ಬಹುಮಟ್ಟಿಗೆ ಸಣ್ಣ ಟರ್ಮಿನಲ್ಲಿನ ಮೇಲಿನ ಒಂದು ಅಳತೆ, ಯಾರ ಜೀವವನ್ನೂ ಪಣಕ್ಕಿಡದೆ, ಕೊಡುತ್ತದೆ. ಕೊಂಡ ಯಂತ್ರದಲ್ಲಿ ಹಿಂದಿನವರು ಸೇಫ್ಟಿ ಸ್ವಿಚ್ಚನ್ನು ಕಿತ್ತು ವೈರ್ ನೇರ ಜೋಡಿಸಿದ್ದರೆ, ಬೇರೆ ಯಾವ ದುರಸ್ತಿಗೂ ಮೊದಲು ಅದನ್ನು ಮತ್ತೆ ಹಾಕಿಸಿ.

ಇದೇ ರೀತಿಯ ಇನ್ನೊಂದು ಅವಸರ ಜಂಪ್ ಸ್ಟಾರ್ಟ್. ಹೊಲದಲ್ಲಿ ಹತ್ತಿರ ಸಿಗುವುದು ಟ್ರ್ಯಾಕ್ಟರ್ ಅಥವಾ ಜೆಸಿಬಿ 3ಡಿಎಕ್ಸ್, ಎರಡೂ 12 ವೋಲ್ಟಿನವು. ಅವು 24 ವೋಲ್ಟಿನ ಡೋಜರನ್ನು ಎಬ್ಬಿಸಲಾರವು, ತಪ್ಪು ಟರ್ಮಿನಲ್ಲಿಗೆ ಸೇರಿಸಿದರೆ ತಮ್ಮದನ್ನೂ ಸುಟ್ಟುಕೊಳ್ಳುತ್ತವೆ. 12 ವೋಲ್ಟಿನ ಸಣ್ಣ ಡೋಜರಿಗೆ 24 ವೋಲ್ಟಿನ ಲಾರಿಯಿಂದ ಕೊಟ್ಟರೆ ಬಲ್ಬು, ರೆಗ್ಯುಲೇಟರ್, ಕೆಲವೊಮ್ಮೆ ಬ್ಯಾಟರಿಯೇ ಹೋಗುತ್ತದೆ. ಎರಡರದೂ ವೋಲ್ಟ್ ಒಂದೇ ಎಂದು ಅಳೆದು ಖಚಿತಪಡಿಸಿಕೊಂಡ ಮೇಲೇ ಕೇಬಲ್ ಹಾಕಿ. ಮೊದಲು ಎರಡೂ ಪಾಸಿಟಿವ್, ಆಮೇಲೆ ಕೊಡುವ ಬ್ಯಾಟರಿಯ ನೆಗೆಟಿವ್, ಕಟ್ಟಕಡೆಗೆ ನಿಂತ ಯಂತ್ರದ ಬ್ಯಾಟರಿಯಿಂದ ದೂರದ ಬರಿ ಲೋಹದ ಮೇಲೆ ನೆಗೆಟಿವ್. ಎಳೆದು ಚಾಲೂ ಮಾಡುವುದನ್ನಂತೂ ಮರೆತುಬಿಡಿ. ಟಾರ್ಕ್ ಕನ್ವರ್ಟರ್ ಇರುವ ಡೋಜರಿನಲ್ಲಿ ಎಂಜಿನ್ ತಿರುಗಿದರೆ ಮಾತ್ರ ಗೇರ್ ಕ್ಲಚ್ಚಿಗೆ ಎಣ್ಣೆಯ ಒತ್ತಡ ಬರುತ್ತದೆ. ಎಳೆದರೆ ಎಂಜಿನ್ ತಿರುಗುವುದಿಲ್ಲ, ಎಣ್ಣೆಯಿಲ್ಲದೆ ಗೇರ್‌ಬಾಕ್ಸ್ ಸವೆಯುತ್ತದೆ.

ಮಧ್ಯಾಹ್ನ ಮಾತ್ರ ಕೈಕೊಡುವ ಯಂತ್ರ

ಬೆಳಿಗ್ಗೆ ಒಂದೇ ಹೊಡೆತಕ್ಕೆ ಎದ್ದ ಯಂತ್ರ ಊಟಕ್ಕೆಂದು ನಿಲ್ಲಿಸಿದ ಮೇಲೆ ಏಳುವುದಿಲ್ಲ ಎಂಬ ದೂರು ಬೇಸಿಗೆಯಲ್ಲಿ ಸಾಮಾನ್ಯ. ಬೆಳಿಗ್ಗೆ ಎದ್ದದ್ದರಿಂದ ದಾರಿ ಸರಿಯಿದೆ, ಹಾಗಾಗಿ ಸೆಲ್ಫೇ ಕೆಟ್ಟಿದೆ ಎಂದು ಇದನ್ನು ನನ್ನ ವಾದಕ್ಕೆ ಎದುರು ಸಾಕ್ಷಿಯಾಗಿ ಹಿಡಿಯುವವರಿದ್ದಾರೆ. ಭೌತಶಾಸ್ತ್ರ ಹೇಳುವುದು ಬೇರೆ. ತಾಮ್ರದ ತಡೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.39ರಷ್ಟು ಏರುತ್ತದೆ. ನಿಂತ ಎಂಜಿನ್ನಿನ ಶಾಖ ಪಕ್ಕದಲ್ಲಿರುವ ಸೆಲ್ಫಿಗೆ ಇಳಿದು ಅದು 60 ಡಿಗ್ರಿ ಹೆಚ್ಚು ಬಿಸಿಯಾದರೆ ಸುತ್ತುಗಳ ತಡೆ ಐದನೇ ಒಂದು ಭಾಗಕ್ಕೂ ಹೆಚ್ಚು ಬೆಳೆಯುತ್ತದೆ. ಸೋಲೆನಾಯ್ಡಿನ ಕಾಯಿಲ್ ಅದೇ ವೋಲ್ಟಿಗೆ ಕಡಿಮೆ ಕರೆಂಟ್ ಎಳೆದು ಕಡಿಮೆ ಬಲ ತೋರಿಸುತ್ತದೆ. ಒಳ್ಳೆಯ ದಾರಿಯಿದ್ದರೆ ಈ ಹೆಚ್ಚುವರಿ ಹೊರೆಯನ್ನು ಯಂತ್ರ ತಾಳಿಕೊಳ್ಳುತ್ತದೆ. ದಾರಿಯಲ್ಲಿ ಮೊದಲೇ ಎರಡು ಮೂರು ವೋಲ್ಟ್ ಸೋರುತ್ತಿದ್ದರೆ ಬೆಳಗಿನ ತಂಪಿನಲ್ಲಿ ಹೇಗೋ ನಡೆದದ್ದು ಮಧ್ಯಾಹ್ನ ನಿಲ್ಲುತ್ತದೆ. ಸೆಲ್ಫ್ ನಿಜಕ್ಕೂ ಸವೆದಿರುವ ಸಾಧ್ಯತೆಯೂ ಇದೆ. ಎರಡನ್ನೂ ಬೇರ್ಪಡಿಸಲು ಬಿಸಿಯಿರುವಾಗಲೇ ಆ ನಾಲ್ಕು ಅಳತೆಗಳನ್ನು ಮಾಡಬೇಕು. ಪೇಟೆಗೆ ಒಯ್ದು ತಣ್ಣಗಾದ ಸೆಲ್ಫನ್ನು ಬೆಂಚಿನ ಮೇಲೆ ತಿರುಗಿಸಿ ಚೆನ್ನಾಗಿದೆ ಎಂದರೆ ಏನೂ ಸಾಬೀತಾಗುವುದಿಲ್ಲ. ಅಲ್ಲಿ ಎಂಜಿನ್ನಿನ ಹೊರೆಯೂ ಇಲ್ಲ, ಆ ಬಿಸಿಯೂ ಇಲ್ಲ, ನಿಮ್ಮ ಕೇಬಲ್ಲೂ ಇಲ್ಲ.

ಸೆಲ್ಫ್ ಸರಿಯಾದ ವೇಗದಲ್ಲಿ ತಿರುಗಿಸಿಯೂ ಎಂಜಿನ್ ಹೊತ್ತದಿದ್ದರೆ ಅದು ಬೇರೆ ಅಧ್ಯಾಯ, ಆದರೂ ಅಲ್ಲೊಂದು ವಿದ್ಯುತ್ ಕಾರಣವಿದೆ. ಹಲವು ಎಂಜಿನ್ನುಗಳಲ್ಲಿ ಇಂಧನವನ್ನು ತೆರೆಯುವ ಸೋಲೆನಾಯ್ಡಿಗೆ ಕರೆಂಟ್ ಬಂದರೆ ಮಾತ್ರ ಡೀಸೆಲ್ ಹರಿಯುತ್ತದೆ. ಕೀ ಆನ್ ಮಾಡಿದಾಗ ಅದರ ಸಣ್ಣ ಟಕ್ ಕೇಳದಿದ್ದರೆ ಅದರ ತುದಿಯಲ್ಲಿ ವೋಲ್ಟ್ ಅಳೆಯಿರಿ, ಇಂಜೆಕ್ಷನ್ ಪಂಪ್ ಬಿಚ್ಚುವ ಖರ್ಚು ಉಳಿದೀತು. ಡಿಸೆಂಬರ್-ಜನವರಿಯ ಚಳಿಯ ಬೆಳಗಿನಲ್ಲಿ ಮಾತ್ರ ತೊಂದರೆಯಿದ್ದರೆ, ಗ್ಲೋ ಪ್ಲಗ್ ಅಥವಾ ಹೀಟರ್ ಇರುವ ಎಂಜಿನ್ನಿನಲ್ಲಿ ಅದಕ್ಕೆ ಕರೆಂಟ್ ಬರುತ್ತಿದೆಯೇ ನೋಡಿ. ಅಂಥ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯುವುದು ಅಪಾಯ, ಕಾದ ಪ್ಲಗ್ಗಿಗೆ ಅದು ಅಕಾಲದಲ್ಲಿ ಸಿಡಿಯುತ್ತದೆ.

ಹೊಸ ಬ್ಯಾಟರಿ ಹಾಕಿದೊಡನೆ ಸರಿಯಾಯಿತಲ್ಲ?

ನನ್ನ ವಾದಕ್ಕೆ ಎದುರಾಗುವ ಅತ್ಯಂತ ಬಲವಾದ ಆಕ್ಷೇಪ ಇದು. ಹೊಸ ಬ್ಯಾಟರಿ ಹಾಕಿದಾಗ ಯಂತ್ರ ಎದ್ದರೆ ಹಳೆಯದು ಕೆಟ್ಟಿತ್ತು ಎಂದೇ ಅಲ್ಲವೇ? ಕೆಟ್ಟಿದ್ದಿರಬಹುದು. ಆದರೆ ಪೂರ್ತಿ ತುಂಬಿದ ಹೊಸ ಬ್ಯಾಟರಿ ಹೊರೆಯಲ್ಲೂ ಒಂದೆರಡು ವೋಲ್ಟ್ ಹೆಚ್ಚು ಹಿಡಿದು ನಿಲ್ಲುತ್ತದೆ, ಆ ಹೆಚ್ಚುವರಿಯೇ ದಾರಿಯ ಸೋರಿಕೆಯನ್ನು ಸ್ವಲ್ಪ ಕಾಲ ಮುಚ್ಚಿಡುತ್ತದೆ. ಟರ್ಮಿನಲ್ ಬಿಚ್ಚಿ ಹಾಕುವಾಗ ಕ್ಲಾಂಪಿನ ಪುಡಿ ಉದುರಿದ್ದೇ ನಿಜವಾದ ದುರಸ್ತಿಯೂ ಆಗಿರಬಹುದು. ಇದಕ್ಕಿಂತ ಮುಖ್ಯ ಪ್ರಶ್ನೆ, ಹಳೆಯ ಬ್ಯಾಟರಿ ಏಕೆ ಬರಿದಾಯಿತು ಎಂಬುದು. ಎಂಜಿನ್ ಓಡುವಾಗ 24 ವೋಲ್ಟ್ ಯಂತ್ರದ ಬ್ಯಾಟರಿಯಲ್ಲಿ ಸುಮಾರು 27.5ರಿಂದ 28.5, 12 ವೋಲ್ಟಿನದರಲ್ಲಿ 13.8ರಿಂದ 14.4 ಕಾಣಬೇಕು. ಕಡಿಮೆಯಿದ್ದರೆ ಬೆಲ್ಟು ಸಡಿಲ, ಆಲ್ಟರ್ನೇಟರಿನ ಕಾರ್ಬನ್ ಸವೆತ, ಇಲ್ಲವೇ ಅದರ ಕೇಬಲ್ಲಿನಲ್ಲೂ ಇದೇ ಸೋರಿಕೆ. ಹೆಚ್ಚಿದ್ದರೆ ರೆಗ್ಯುಲೇಟರ್ ಬ್ಯಾಟರಿಯನ್ನು ಕುದಿಸುತ್ತಿದೆ. ಎರಡು ದಿನ ನಿಂತರೆ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲವನ್ನೂ ಆಫ್ ಮಾಡಿ, ನೆಗೆಟಿವ್ ಕಳಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು ಆಂಪಿಯರಿನಲ್ಲಿಟ್ಟು ನೋಡಿ. ಹಳೆಯ ಮಾದರಿಯ ಸರಳ ಯಂತ್ರದಲ್ಲಿ ಅದು ಸೊನ್ನೆಯ ಹತ್ತಿರವಿರಬೇಕು. ಮೀಟರ್ ಹಾಗಿರುವಾಗ ಎಂದೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಡುತ್ತದೆ. ಈ ಎರಡು ಅಳತೆ ಮಾಡದೆ ಹಾಕಿದ ಹೊಸ ಬ್ಯಾಟರಿ ಸೋರುವ ಕೊಡಕ್ಕೆ ತುಂಬಿದ ನೀರು.

ಹೊಲದವರು ಕಾಯುತ್ತಿರುವಾಗ ಇಷ್ಟು ಅಳೆಯಲು ಸಮಯವೆಲ್ಲಿ ಎಂಬುದು ಇನ್ನೊಂದು ಮಾತು. ನಾಲ್ಕು ಅಳತೆಗೆ ಅರ್ಧ ಗಂಟೆ ಸಾಕು. ಔರಾದ್ ಕಡೆಯ ಹೊಲದಿಂದ ಬೀದರ್ ಪೇಟೆಗೆ ಸೆಲ್ಫ್ ಒಯ್ದು ತರುವುದಕ್ಕೆ ಒಂದು ದಿನವೇ ಹೋಗುತ್ತದೆ, ದೋಷ ಅಲ್ಲಿರದಿದ್ದರೆ ಮರುದಿನವೂ ಅದೇ ಪಾಡು. ಮಿಸ್ತ್ರಿಗೆ ಗೊತ್ತಿರುತ್ತದೆ, ನಮಗೇಕೆ ಎನ್ನುವವರಿಗೂ ಉತ್ತರವಿದೆ. ಒಳ್ಳೆಯ ಮಿಸ್ತ್ರಿಗೆ ಫೋನಿನಲ್ಲಿ 'ಸೆಲ್ಫ್ ಹೊಡೀಲಿಕತ್ತಿಲ್ಲ' ಎನ್ನುವುದಕ್ಕಿಂತ 'ಅರ್ಥ್ ಕಡೆ 3 ವೋಲ್ಟ್ ಹೋಗಲಿಕತ್ತದ' ಎಂದರೆ ಅವರು ಸರಿಯಾದ ಸಾಮಾನು ಹಿಡಿದೇ ಬರುತ್ತಾರೆ. ಹಳೆಯ ಡೋಜರ್ ಕೊಳ್ಳಲು ಹೋದಾಗಲೂ ಇದೇ ಅಳತೆ ನಿಮ್ಮ ಬಲ. ಮಾರುವವರು ಯಂತ್ರವನ್ನು ಮೊದಲೇ ಚಾಲೂ ಮಾಡಿ ಬಿಸಿಯಾಗಿಟ್ಟಿದ್ದರೆ ತಣಿಯುವವರೆಗೆ ಕಾಯಿರಿ, ತಣ್ಣಗಿರುವಾಗಲೂ ಬಿಸಿಯಿರುವಾಗಲೂ ಹೊಡೆದು ನೋಡಿ, ಎರಡೂ ಸಲ ಮೀಟರ್ ಹಿಡಿಯಿರಿ.

ಆಪರೇಟರ್ ಕೂರುವ ಸೀಟಿನ ಕೆಳಗೆ ಒಂದು ಸಣ್ಣ ನೋಟ್‌ಬುಕ್ ಇರಲಿ. ಯಂತ್ರ ಚೆನ್ನಾಗಿ ಏಳುತ್ತಿರುವ ದಿನವೇ ನಿಂತಾಗಿನ ಎರಡು ಬ್ಯಾಟರಿಗಳ ವೋಲ್ಟ್, ಸೆಲ್ಫ್ ಎಳೆಯುವಾಗಿನ ವೋಲ್ಟ್, ಪಾಸಿಟಿವ್ ಮತ್ತು ಅರ್ಥ್ ದಾರಿಯ ಸೋರಿಕೆ, ಓಡುವಾಗಿನ ಚಾರ್ಜಿಂಗ್, ಇಷ್ಟನ್ನು ತಾರೀಖು ಹಾಕಿ ಬರೆದಿಡಿ. ಮಳೆಗಾಲ ಮುಗಿದ ಮೇಲೊಮ್ಮೆ, ಅಷ್ಟೂರ ಜಾತ್ರೆಗೆ ಮುಂಚೆ ಇನ್ನೊಮ್ಮೆ ಅದೇ ಜಾಗಗಳಲ್ಲಿ ಅಳೆದು ಪಕ್ಕದಲ್ಲೇ ಬರೆಯಿರಿ. ಅರ್ಥ್ ದಾರಿಯಲ್ಲಿ 0.2 ಇದ್ದದ್ದು 0.6 ಆಗಿದ್ದರೆ ಯಂತ್ರ ಇನ್ನೂ ಏಳುತ್ತಿರುತ್ತದೆ, ಶಬ್ದದಲ್ಲಿ ಏನೂ ತಿಳಿಯದು. ಆ ಬೋಲ್ಟನ್ನು ಬಿಚ್ಚಿ ಉಜ್ಜಬೇಕಾದದ್ದು ಆಗಲೇ, ಯಂತ್ರ ನಿಮ್ಮ ಅಂಗಳದಲ್ಲಿರುವಾಗ.